ಮಗ ಸಮುದ್ರದ ನೀರು ಕುಡಿದು ನೋಡಿದ್ದಾನೆ, ಪುಸ್ತಕಗಳನ್ನು ಅಟ್ಟಕ್ಕೆ ಹಾಕಲೇ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ. ಮಗನಿಗೆ 17 ವರ್ಷ, ಎರಡನೇ ಪಿಯುಸಿ ಓದುತ್ತಿದ್ದಾನೆ. ಒಂದು ವರ್ಷದಿಂದ ಹಡಗು ಮುಳುಗಿ ಬದುಕಿ ಬಂದವರ ಪುಸ್ತಕ ಬಿಟ್ಟರೆ ಬೇರೇನೂ ಓದುವುದಿಲ್ಲ. ಮರ್ಚೆಂಟ್ ನೇವಿ ಸೇರುತ್ತೇನೆ ಎಂದು ಹಟ. ಯಾರೋ ಫ್ರೆಂಚ್ ಡಾಕ್ಟರ್ ಸಮುದ್ರದ ನೀರನ್ನೇ ಸ್ವಲ್ಪ ಸ್ವಲ್ಪ ಕುಡಿದು ಅಟ್ಲಾಂಟಿಕ್ ದಾಟಿದ್ದಾನಂತೆ. ಅದನ್ನು ಓದಿ ಹೋದ ಭಾನುವಾರ ಇಡೀ ದಿನ ನೀರು ಮುಟ್ಟಲಿಲ್ಲ. ಸಂಜೆ ಬೀಚಿನಿಂದ ಬಾಟಲಿಯಲ್ಲಿ ತಂದ ನೀರನ್ನು ಅರ್ಧ ಲೋಟ ಕುಡಿದ. ರಾತ್ರಿ ವಾಂತಿ ಮಾಡಿದ. ಈಗ ಆರಾಮಾಗಿದ್ದಾನೆ, ಆದರೆ ನನಗೆ ನಿದ್ದೆ ಇಲ್ಲ. ಯಜಮಾನರು ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕು ಎನ್ನುತ್ತಾರೆ. ಮಾವನವರು ಗಂಗೊಳ್ಳಿಯಲ್ಲಿ 40 ವರ್ಷ ಬೋಟಿಗೆ ಹೋದವರು. ಅವರದ್ದು ಒಂದೇ ಮಾತು: ಪುಸ್ತಕ ಓದಿ ಯಾರೂ ಕಡಲಿಂದ ಬದುಕಿ ಬಂದಿಲ್ಲ. ಈ ಪುಸ್ತಕಗಳಲ್ಲಿ ಇರುವುದು ನಿಜವಾ? ಓದಲು ಬಿಡಲೇ? ನಾಳೆ ಹಡಗಿಗೆ ಹೋದ ಮೇಲೆ ಇವನಿಗೂ ಹೀಗೇ ಆದರೆ ಏನು ಗತಿ?

ಉತ್ತರ: ಮೊದಲು ಹುಡುಗನ ವಿಷಯ ಮುಗಿಸೋಣ. ಊಟ ಸೇರುತ್ತಿದೆ, ಮೂತ್ರ ಮಾಮೂಲಿನಂತೆ ಹೋಗುತ್ತಿದೆ ಎಂದರೆ ಅರ್ಧ ಲೋಟಕ್ಕೆ ನೀವು ಗಾಬರಿ ಆಗಬೇಕಿಲ್ಲ. ಆದರೆ ದಡದ ನೀರಿಗೆ ಉಪ್ಪಿನ ಜೊತೆ ಊರಿನ ಚರಂಡಿಯೂ ಸೇರಿರುತ್ತದೆ. ಜ್ವರ, ಭೇದಿ, ಹೊಟ್ಟೆನೋವು ಕಂಡರೆ ಡಾಕ್ಟರಿಗೆ ತೋರಿಸಿ, ಏನು ಕುಡಿದ ಅಂತ ಮುಚ್ಚಿಡದೆ ಹೇಳಿ.

ನಾನು ಡಾಕ್ಟರಲ್ಲ. 24 ವರ್ಷ ಸರಕು ಹಡಗುಗಳಲ್ಲಿ ಡೆಕ್ ಆಫೀಸರ್ ಆಗಿದ್ದೆ. ಈಗ ಹಡಗಿಗೆ ಹೊರಟ ಹುಡುಗರಿಗೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ಪಾಠ ಹೇಳುತ್ತೇನೆ. ನಿಮ್ಮ ಮಗ ಓದುತ್ತಿರುವ ಪುಸ್ತಕಗಳನ್ನು ನಾನೂ ಓದಿದ್ದೇನೆ, ಎಷ್ಟನ್ನೋ ರಾತ್ರಿ ವಾಚ್ ಮುಗಿಸಿ ಬಂದು ಹಡಗಿನಲ್ಲೇ. ಅವುಗಳ ಮೇಲೆ ನನಗೆ ತುಂಬಾ ಪ್ರೀತಿ. ಅದಕ್ಕೇ ನಿಮ್ಮ ಪತ್ರ ಓದಿ ಸಂಕಟವಾಯಿತು. ಹುಡುಗ ಓದಿದ್ದು ತಪ್ಪಲ್ಲ, ಓದಿದ್ದರಲ್ಲಿ ಒಂದು ಚೂರನ್ನು ಮಾತ್ರ ಹಿಡಿದುಕೊಂಡಿದ್ದಾನೆ.

ಆ ಫ್ರೆಂಚ್ ಡಾಕ್ಟರ್ ಹೆಸರು ಅಲೆನ್ ಬೊಂಬಾರ್. 1952ರ ಅಕ್ಟೋಬರ್ 19ರಂದು ಕ್ಯಾನರಿ ದ್ವೀಪಗಳಿಂದ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಒಬ್ಬನೇ ಹೊರಟ. 65 ದಿನದ ನಂತರ ಬಾರ್ಬಡೋಸ್ ತಲುಪಿದ. ಇದು ನಿಜ. ತಾನು ಸಮುದ್ರದ ನೀರು ಕುಡಿದೆ, ಮೀನನ್ನು ಹಿಂಡಿ ರಸ ಕುಡಿದೆ ಎಂದು ಅವನೇ ಬರೆದಿದ್ದಾನೆ. ಆದರೆ ಅದೇ ಪುಸ್ತಕದಲ್ಲಿ ಮಳೆನೀರು ಸಿಕ್ಕಿದ್ದನ್ನೂ ಬರೆದಿದ್ದಾನೆ. ನಡುವೆ ಒಂದು ಹಡಗು ಎದುರಾಗಿ, ಅದನ್ನು ಹತ್ತಿ ಊಟ ಮಾಡಿದ್ದನ್ನೂ ಬರೆದಿದ್ದಾನೆ. ದಡ ಸೇರುವಾಗ ಅವನ ತೂಕ ಸುಮಾರು 25 ಕೆಜಿ ಇಳಿದಿತ್ತು. ನಾಲ್ಕು ವರ್ಷದ ನಂತರ ಹಾನೆಸ್ ಲಿಂಡೆಮನ್ ಎಂಬ ಜರ್ಮನ್ ಡಾಕ್ಟರ್ ಮಡಚುವ ಕಯಾಕ್‌ನಲ್ಲಿ 72 ದಿನಕ್ಕೆ ಅದೇ ಅಟ್ಲಾಂಟಿಕ್ ದಾಟಿದ. ಇವನೂ ಡಾಕ್ಟರ್, ಇವನೂ ಒಬ್ಬನೇ. ಸಮುದ್ರದ ನೀರು ಕುಡಿಯಲೇಬೇಡಿ ಎಂದ. ನಿಮ್ಮ ಮಗನ ಕೈಗೆ ಮೊದಲನೆಯವನ ಪುಸ್ತಕ ಸಿಕ್ಕಿದೆ, ಎರಡನೆಯವನದ್ದು ಸಿಕ್ಕಿಲ್ಲ.

ಇನ್ನೊಂದು ಮಾತು ಅವನಿಗೆ ಹೇಳಿ. ಬಾಯಾರುವ ಮೊದಲೇ, ಮೈಯಲ್ಲಿ ನೀರಿನಂಶ ಇರುವಾಗಲೇ ತುಸು ತುಸು ಶುರು ಮಾಡಬೇಕು ಎಂಬುದು ಬೊಂಬಾರ್‌ನ ವಾದವಾಗಿತ್ತು. ನಿಮ್ಮ ಹುಡುಗ ಇಡೀ ದಿನ ಮೈ ಒಣಗಿಸಿಕೊಂಡು ಆಮೇಲೆ ಕುಡಿದ. ಬೊಂಬಾರ್ ಕೂಡ ಇದನ್ನು ಬೇಡ ಎನ್ನುತ್ತಿದ್ದ. ಇದನ್ನು ಓದಿ ಅವನು ಮುಂದಿನ ವಾರ 'ಸರಿಯಾದ ಕ್ರಮ'ದಲ್ಲಿ ಕುಡಿಯಲು ಹೊರಡಬಾರದು ನೋಡಿ, ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮ ಕಿಡ್ನಿಗೆ ಅಷ್ಟು ಗಟ್ಟಿ ಉಪ್ಪಿನ ಮೂತ್ರ ಮಾಡುವ ಶಕ್ತಿ ಇಲ್ಲ. ಒಂದು ಲೀಟರ್ ಕುಡಿದರೆ ಅದರ ಉಪ್ಪನ್ನು ಹೊರಗೆ ಹಾಕಲು ಒಂದೂವರೆ ಲೀಟರಿನಷ್ಟು ನೀರು ಬೇಕು. ಆ ಜಾಸ್ತಿ ಅರ್ಧ ಲೀಟರ್ ಎಲ್ಲಿಂದ ಬರಬೇಕು? ಮೈಯಿಂದಲೇ. ಕುಡಿದಷ್ಟೂ ಒಣಗುತ್ತೀರಿ. ಆಮೇಲೆ ತಲೆ ಕೆಡುತ್ತದೆ. ಇಲ್ಲದ ದಡ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಮನುಷ್ಯ ನಡೆದು ಹೋಗುತ್ತೇನೆ ಎಂದು ದೋಣಿಯಿಂದ ಕಾಲು ಹೊರಗಿಡುತ್ತಾನೆ.

ಇದು ಸುಮ್ನೆ ಲೆಕ್ಕ ಹಾಕಿ ಹೇಳಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿದ ಮೇಲೆ ದೋಣಿ, ರಾಫ್ಟ್‌ಗಳಲ್ಲಿ ನಡೆದ 163 ಪ್ರಯಾಣಗಳ ದಾಖಲೆಗಳನ್ನು ಬ್ರಿಟನ್ನಿನ ವೈದ್ಯರು ಯುದ್ಧದ ನಂತರ ಕೂತು ನೋಡಿದರು. ಸಮುದ್ರದ ನೀರು ಕುಡಿದ ಕಡೆ 100ಕ್ಕೆ ಸುಮಾರು 39 ಜನ ಸತ್ತಿದ್ದರು. ಕುಡಿಯದ ಕಡೆ ಸುಮಾರು 3. ಬೊಂಬಾರ್ ಒಬ್ಬ ಬದುಕಿ ಬಂದು ಪುಸ್ತಕ ಬರೆದ. ಆ 39 ಜನರಲ್ಲಿ ಯಾರೂ ಬರೆಯಲಿಲ್ಲ. ಇಂಥ ಪುಸ್ತಕ ಓದುವಾಗ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುವುದು ಅವರೇ.

ಇಡೀ ದಿನ ನೀರು ಬಿಟ್ಟದ್ದಕ್ಕೂ ಪುಸ್ತಕದಲ್ಲಿ ಒಂದು ಮೂಲ ಇದೆ. ನಾವೂ ಪಾಠದಲ್ಲಿ ಹೇಳುತ್ತೇವೆ: ರಾಫ್ಟ್ ಹತ್ತಿದ ಮೊದಲ 24 ಗಂಟೆ, ಗಾಯ ಆದವರಿಗೆ, ಕಾಯಿಲೆ ಇದ್ದವರಿಗೆ ಬಿಟ್ಟು ಬೇರೆಯವರಿಗೆ ನೀರು ಕೊಡಬೇಡಿ. ಹಡಗಿನಲ್ಲಿ ಹೊಟ್ಟೆ ತುಂಬ ಕುಡಿದು ಬಂದ ನೀರು ಇನ್ನೂ ಮೈಯಲ್ಲಿರುತ್ತದೆ, ಆಗ ಕೊಟ್ಟದ್ದು ಮೂತ್ರವಾಗಿ ಹೋಗುತ್ತದೆ ಅಂತ. ರಾಫ್ಟ್‌ನಲ್ಲಿ ತಲೆಗೆ ಒಂದೂವರೆ ಲೀಟರ್ ಮಾತ್ರ ಇರುವುದು, ಎರಡನೇ ದಿನದಿಂದ ದಿನಕ್ಕೆ ಅರ್ಧ ಲೀಟರ್. ಇದು ಇದ್ದ ನೀರನ್ನು ಹಂಚುವ ಲೆಕ್ಕ. ಮೈಗೆ ಬಾಯಾರಿಕೆ ರೂಢಿ ಮಾಡಿಸಬಹುದು ಎಂದು ಇದರ ಅರ್ಥವಲ್ಲ. ಮನೆಯಲ್ಲಿ ನೀರು ಬಿಟ್ಟು ಅಭ್ಯಾಸ ಮಾಡಿದವನು ಸಮುದ್ರದಲ್ಲಿ ಒಂದು ಗಂಟೆಯೂ ಹೆಚ್ಚಿಗೆ ತಡೆಯುವುದಿಲ್ಲ.

ಆಮೆ ರಕ್ತದ ಕಥೆಯನ್ನೂ ಅವನು ಓದಿರುತ್ತಾನೆ ಅಂದುಕೊಳ್ಳುತ್ತೇನೆ. ಡೂಗಲ್ ರಾಬರ್ಟ್‌ಸನ್ ಮತ್ತು ಅವನ ಮನೆಯವರದ್ದು. 1972ರ ಜೂನ್ 15ರಂದು ಗಲಾಪಗೋಸ್ ದಾಟಿದ ಮೇಲೆ ಓರ್ಕಾ ತಿಮಿಂಗಿಲಗಳು ಗುದ್ದಿ ಅವರ ಹಾಯಿಹಡಗು ಮುಳುಗಿತು. ಮಕ್ಕಳೂ ಸೇರಿ ಆರು ಜನ. ಗಾಳಿ ತುಂಬಿದ ರಾಫ್ಟ್ ಎರಡು ವಾರ ದಾಟಿದ ಮೇಲೆ ಕೈಕೊಟ್ಟಿತು. ಆಮೇಲೆ ಆರೂ ಜನ ಒಂದು ಪುಟ್ಟ ಡಿಂಗಿಯಲ್ಲಿ. 38ನೇ ದಿನ ಜಪಾನಿನ ಮೀನುಗಾರಿಕೆ ಹಡಗೊಂದು ಅವರನ್ನು ಎತ್ತಿಕೊಂಡಿತು. ಅವರು ಕಡಲಾಮೆಯ ರಕ್ತ ಕುಡಿದದ್ದು ನಿಜ, ಆ ರಕ್ತದಲ್ಲಿ ಸಮುದ್ರದ ನೀರಿಗಿಂತ ಎಷ್ಟೋ ಕಡಿಮೆ ಉಪ್ಪು ಇರುವುದೂ ನಿಜ. ಆದರೆ ಅವರನ್ನು ಉಳಿಸಿದ್ದು ಮಳೆ. ಪುಸ್ತಕದಲ್ಲಿ ರಕ್ತದ ಪುಟ ನೆನಪಿನಲ್ಲಿ ಉಳಿಯುತ್ತದೆ, ಮಳೆ ಬಂದ ಪುಟಗಳನ್ನು ಓದುಗ ದಾಟಿ ಹೋಗುತ್ತಾನೆ. ಇನ್ನು, ಮಾಂಸ, ಮೀನು ಜೀರ್ಣವಾಗಲು ಮೈಗೆ ನೀರು ಬೇಕು. ಕುಡಿಯಲು ನೀರಿಲ್ಲದಾಗ ಸಿಕ್ಕಿದ್ದನ್ನೆಲ್ಲ ತಿನ್ನುವುದೂ ಅಪಾಯವೇ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. 'ಇವನಿಗೂ ಹೀಗೇ ಆದರೆ' ಅಂತ ಬರೆದಿದ್ದೀರಿ. 'ಹೀಗೆ' ಎಂದರೆ ನಿಮ್ಮ ಕಣ್ಣ ಮುಂದೆ ಇರುವುದು ನಡುನೀರಿನಲ್ಲಿ 40ನೇ ದಿನ, ಒಡೆದ ತುಟಿ, ಖಾಲಿ ಆಕಾಶ. ಈ ಪುಸ್ತಕಗಳು ಅಲ್ಲೇ ಹೆಚ್ಚು ಹೊತ್ತು ಇರುತ್ತವೆ. ಆದರೆ ಸಮುದ್ರದಲ್ಲಿ ಜೀವ ಹೋಗುವುದು ಬಹಳ ಸಲ 40ನೇ ದಿನ ಅಲ್ಲ, ಮೊದಲ ಕೆಲವು ನಿಮಿಷದಲ್ಲಿ. ತಣ್ಣನೆ ನೀರಿಗೆ ಬಿದ್ದ ಕೂಡಲೇ ಮೈ ತಾನಾಗಿ ಜೋರಾಗಿ ಉಸಿರು ಎಳೆಯುತ್ತದೆ, ತಡೆಯಲು ಆಗುವುದಿಲ್ಲ. ಆ ಕ್ಷಣ ಮುಖ ನೀರೊಳಗಿದ್ದರೆ ಅಲ್ಲಿಗೇ ಮುಗಿಯಿತು. ಅದನ್ನು ದಾಟಿದರೆ ಹತ್ತು ನಿಮಿಷದಲ್ಲಿ ಕೈಬೆರಳು ಸ್ವಾಧೀನ ತಪ್ಪುತ್ತವೆ, ಎದುರಿಗೇ ಇರುವ ಹಗ್ಗ ಹಿಡಿಯಲಾಗುವುದಿಲ್ಲ. ಟೈಟಾನಿಕ್ ಮುಳುಗಿದ್ದು ರಾತ್ರಿ 2:20ಕ್ಕೆ, ಕಾರ್ಪೇಥಿಯಾ ಹಡಗು ಬಂದಿದ್ದು 4 ಗಂಟೆ ಸುಮಾರಿಗೆ. ಸಮುದ್ರ ಶಾಂತವಾಗಿತ್ತು, ನೀರಿನಲ್ಲಿದ್ದ ಎಷ್ಟೋ ಜನ ಲೈಫ್ ಜಾಕೆಟ್ ಹಾಕಿದ್ದರು. ಅವರನ್ನು ಕೊಂದದ್ದು ಚಳಿ. ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿದೆ, ಅಷ್ಟು ಬೇಗ ಹಾಗಾಗುವುದಿಲ್ಲ. ಆದರೆ ಬೆಚ್ಚಗಿದೆ ಎಂಬ ಧೈರ್ಯಕ್ಕೆ ಇಲ್ಲಿ ಜಾಕೆಟ್ ಹಾಕುವುದನ್ನೇ ಬಿಡುತ್ತಾರೆ.

ಪೂನ್ ಲಿಮ್ ಎಂಬ ಚೀನೀ ಹುಡುಗನ ಕಥೆ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಬ್ರಿಟಿಷ್ ಸರಕು ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದ. 1942ರ ನವೆಂಬರ್ 23ರಂದು ಜರ್ಮನ್ ಸಬ್‌ಮರೀನ್ ಹೊಡೆದು ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಸುಮಾರು ಎಂಟಡಿ ಉದ್ದಗಲದ ಮರದ ರಾಫ್ಟ್‌ನಲ್ಲಿ 133 ದಿನ ಒಬ್ಬನೇ ಬದುಕಿದ್ದ. ಟಾರ್ಚಿನ ಸ್ಪ್ರಿಂಗ್ ತಂತಿಯಿಂದ ಗಾಳ ಮಾಡಿದ, ಬಟ್ಟೆ ಹರಡಿ ಮಳೆನೀರು ಹಿಡಿದ. 1943ರ ಏಪ್ರಿಲ್‌ನಲ್ಲಿ ಬ್ರೆಜಿಲ್ಲಿನ ಮೀನುಗಾರರು ಅವನನ್ನು ಕಂಡರು. ಹುಡುಗರು ಗಾಳದ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ನಾನು ಅವರನ್ನು ಮೊದಲ ದಿನಕ್ಕೆ ವಾಪಸ್ ಕರೆದುಕೊಂಡು ಹೋಗುತ್ತೇನೆ. ಅವನಿಗೆ ಈಜು ಅಷ್ಟಾಗಿ ಬರುತ್ತಿರಲಿಲ್ಲ. ಹಡಗು ಮುಳುಗುವಾಗ ಲೈಫ್ ಜಾಕೆಟ್ ಹಿಡಿದುಕೊಂಡು ಹಾರಿದ. ರಾಫ್ಟ್ ಕಣ್ಣಿಗೆ ಬೀಳುವ ತನಕ ಸುಮಾರು ಎರಡು ಗಂಟೆ ನೀರಿನಲ್ಲೇ ಇದ್ದ. ಜಾಕೆಟ್ ಇಲ್ಲದಿದ್ದರೆ ಗಾಳವೂ ಇಲ್ಲ, 133 ದಿನವೂ ಇಲ್ಲ.

ಹಾಗಾಗಿ ಹುಡುಗನಿಗೆ ನಿಜವಾಗಿ ತಯಾರಿ ಬೇಕೆಂದರೆ ಅದು ಈಜುಕೊಳದಲ್ಲಿ ಸಿಗುತ್ತದೆ. ನಮ್ಮ ತರಬೇತಿಯಲ್ಲಿ ಎತ್ತರದಿಂದ ಜಾಕೆಟ್ ಹಾಕಿಕೊಂಡು ನೀರಿಗೆ ಹಾರಿಸುತ್ತೇವೆ, ಮಗುಚಿದ ರಾಫ್ಟ್ ಅನ್ನು ನೇರ ಮಾಡಿಸುತ್ತೇವೆ, ಒದ್ದೆ ಬಟ್ಟೆಯಲ್ಲಿ ಅದನ್ನು ಹತ್ತಿಸುತ್ತೇವೆ. ಚೆನ್ನಾಗಿ ಈಜುವ ಹುಡುಗರೇ ರಾಫ್ಟ್ ಹತ್ತಲಾಗದೆ ಏದುಸಿರು ಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ರಾಫ್ಟ್ ಹತ್ತಿದವರು ಮೊದಲು ಮಾಡಬೇಕಾದ ಕೆಲಸಗಳಲ್ಲಿ ಒಂದು ವಾಂತಿ ತಡೆಯುವ ಮಾತ್ರೆ ನುಂಗುವುದು. ಅಲೆಯ ಮೇಲೆ ರಾಫ್ಟ್ ಆಡುವ ಆಟಕ್ಕೆ ಹಳೇ ನಾವಿಕರಿಗೂ ಹೊಟ್ಟೆ ತೊಳಸುತ್ತದೆ, ಒಂದೊಂದು ವಾಂತಿಗೂ ನೀರು ಹೋಗುತ್ತದೆ. ಭಾನುವಾರ ರಾತ್ರಿ ನಿಮ್ಮ ಮಗ ಇದನ್ನು ತಾನೇ ಅನುಭವಿಸಿದ್ದಾನೆ.

40ನೇ ದಿನದ ಭಯ ಸ್ವಲ್ಪ ಕಡಿಮೆ ಆಗಲಿ ಅಂತ ಇನ್ನೊಂದು ವಿಷಯ. ಸ್ಟೀವನ್ ಕ್ಯಾಲಹನ್ ಎಂಬ ಅಮೆರಿಕದವನು ರಾಫ್ಟ್‌ನಲ್ಲಿ 76 ದಿನ ಕಳೆದು ಕೆರಿಬಿಯನ್ನಿನಲ್ಲಿ ಮೀನುಗಾರರ ಕೈಗೆ ಸಿಕ್ಕಿದ್ದು 1982ರ ಏಪ್ರಿಲ್‌ನಲ್ಲಿ. ಹಡಗುಗಳು ಒಂದರ ಹಿಂದೆ ಒಂದು ಅವನನ್ನು ಕಾಣದೆ ದಾಟಿ ಹೋಗಿದ್ದವು. ಅವನ ಕಷ್ಟ ಓದುವಾಗ ನನಗೆ ಹೊಟ್ಟೆ ಉರಿಯುವುದು ಒಂದು ತಾರೀಖಿಗೆ. ಅಪಾಯದ ಸಿಗ್ನಲ್ ಹಿಡಿಯುವ ಮೊದಲ ಉಪಗ್ರಹ ಮೇಲೆ ಹೋಗಿದ್ದು ಅದೇ ವರ್ಷ ಜೂನ್ 30ಕ್ಕೆ, ಬರೀ ಎರಡು ತಿಂಗಳು ತಡವಾಗಿ. ಈಗ ಸರಕು ಹಡಗು ಮುಳುಗಿದರೆ ಅದರಲ್ಲಿರುವ ಬೀಕನ್ ನಾಲ್ಕು ಮೀಟರ್ ಆಳ ಹೋಗುವುದರೊಳಗೆ ತಾನೇ ಕಳಚಿಕೊಂಡು ಮೇಲೆ ಬಂದು ಉಪಗ್ರಹಕ್ಕೆ ಸುದ್ದಿ ಕೊಡುತ್ತದೆ. 2018ರ ಸೆಪ್ಟೆಂಬರ್ 21ರಂದು ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಒಂಟಿಯಾಗಿ ಹಾಯಿದೋಣಿ ನಡೆಸುತ್ತಾ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕರು. ಹಾಯಿ ಕಟ್ಟುವ ಕೂವೆ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಭೂಮಿಯ ಮೇಲೆ ಅದಕ್ಕಿಂತ ದೂರದ ಜಾಗ ಹುಡುಕುವುದು ಕಷ್ಟ. ಆದರೂ 24ಕ್ಕೆ ಫ್ರಾನ್ಸಿನ ಹಡಗು ಅವರನ್ನು ಎತ್ತಿಕೊಂಡಿತು.

ಸಣ್ಣ ಬೋಟುಗಳಿಗೆ ಈ ಭಾಗ್ಯ ಅಷ್ಟಾಗಿ ಇಲ್ಲ. ಮೆಕ್ಸಿಕೊದ ಕರಾವಳಿಯಿಂದ 2012ರ ನವೆಂಬರ್‌ನಲ್ಲಿ ತೆರೆದ ದೋಣಿಯಲ್ಲಿ ಮೀನಿಗೆ ಹೋದ ಸಾಲ್ವಡಾರ್ ಅಲ್ವರೆಂಗ 438 ದಿನದ ನಂತರ ಮಾರ್ಷಲ್ ದ್ವೀಪಗಳಲ್ಲಿ ದಡ ಹತ್ತಿದ. ಜೊತೆಗಿದ್ದವನು ದಾರಿಯಲ್ಲೇ ತೀರಿಕೊಂಡ. ಅದಕ್ಕೇ ಮಾವನವರನ್ನು ಒಂದು ಮಾತು ಕೇಳಿ: ಅವರ ಪರಿಚಯದ ಬೋಟುಗಳಲ್ಲಿ ಲೈಫ್ ಜಾಕೆಟ್ ಸೀಟಿನಡಿ ಕಟ್ಟಿಟ್ಟಿದೆಯೋ, ಹಾಕಿಕೊಳ್ಳುತ್ತಾರೋ? ಮೀನುಗಾರರಿಗೆ ಅಂತಲೇ ಇಸ್ರೋ ಮಾಡಿದ ಅಪಾಯ ಸೂಚಿಸುವ ಯಂತ್ರ ಬೋಟಿನಲ್ಲಿದೆಯೋ? ಕೋಸ್ಟ್ ಗಾರ್ಡ್ ನಂಬರ್ 1554 ಹುಡುಗರ ಫೋನಿನಲ್ಲಿದೆಯೋ? ಹಡಗಿಗೆ ಹೋಗುವ ಮೊಮ್ಮಗನಿಗಿಂತ ಬೋಟಿಗೆ ಹೋಗುವ ಪಕ್ಕದ ಮನೆಯವನ ಬಗ್ಗೆ ನನಗೆ ಹೆಚ್ಚು ಚಿಂತೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಅಪಾಯ ಇದೆ, ಅದನ್ನು ಹೇಳದೆ ಬಿಡಲಾರೆ. ಇವತ್ತು ನಾವಿಕರು ನಡುನೀರಿನಲ್ಲಿ ಸಿಕ್ಕಿಬೀಳುವುದು ಮುಳುಗಿದ ಹಡಗಿಗಿಂತ ತೇಲುತ್ತಿರುವ ಹಡಗಿನಲ್ಲೇ ಜಾಸ್ತಿ. ಮಾಲೀಕ ದಿವಾಳಿಯಾಗಿಯೋ, ಬೇಕಂತಲೋ ಹಡಗನ್ನು ಯಾವುದೋ ಬಂದರಿನಾಚೆ ಲಂಗರು ಹಾಕಿಸಿ ಕೈಬಿಡುತ್ತಾನೆ. ಸಂಬಳ ಇಲ್ಲ, ಡೀಸೆಲ್ ಇಲ್ಲ, ಕುಡಿಯುವ ನೀರು ಇಲ್ಲ, ಇಳಿಯಲು ಕಾಗದಪತ್ರ ಇಲ್ಲ. ದಡದ ದೀಪ ಕಾಣುತ್ತಿರುತ್ತದೆ. ಹೀಗೆ ಸಿಕ್ಕಿಬಿದ್ದವರಲ್ಲಿ ಭಾರತದ ಹುಡುಗರು ತುಂಬಾ ಜನ. ಎರಡು ತಿಂಗಳು ಸಂಬಳ ನಿಂತರೆ ಅದನ್ನು ಕೈಬಿಟ್ಟದ್ದು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವ ಅಂತರರಾಷ್ಟ್ರೀಯ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಊರಿಗೆ ಕಳಿಸುವ ಖರ್ಚಿಗೆ ವಿಮೆ ಇರಬೇಕು, ಅದರ ಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಇಂಥ ಹಡಗು ಹತ್ತುವ ಹುಡುಗರಲ್ಲಿ ಹೆಚ್ಚಿನವರು ಲಕ್ಷಗಟ್ಟಲೆ ಕೊಟ್ಟು ಏಜೆಂಟರ ಮೂಲಕ ಹೋದವರು. ನನ್ನ ಹತ್ತಿರ ಕಲಿತ ಒಬ್ಬ ಹೀಗೇ ಹೋಗಿ ಏಳು ತಿಂಗಳು ಸಿಕ್ಕಿಬಿದ್ದ. ಅವನ ತಾಯಿ ಮನೆ ಮೇಲೆ ಸಾಲ ಮಾಡಿ ಏಜೆಂಟನಿಗೆ ಕೊಟ್ಟಿದ್ದರು. ನೀವು ಹುಡುಗನನ್ನು ಕಳಿಸುವುದಾದರೆ ಕಾಲೇಜು ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಮಾನ್ಯತೆ ಪಡೆದದ್ದೇ, ಕೆಲಸ ಕೊಡಿಸುವ ಕಂಪನಿಗೆ ನಾವಿಕರನ್ನು ಕೆಲಸಕ್ಕೆ ಸೇರಿಸಲು ಅವರು ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೀವೇ ನೋಡಿ. ಕೆಲಸ ಕೊಡಿಸಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪುಸ್ತಕ ಅಟ್ಟಕ್ಕೆ ಹಾಕುವ ವಿಷಯ. ಹಾಕಿದರೆ ಅವನು ಫೋನಿನಲ್ಲಿ ಓದುತ್ತಾನೆ, ಅಥವಾ ಬರೀ ಎರಡು ನಿಮಿಷದ ವಿಡಿಯೊ ನೋಡುತ್ತಾನೆ. ಅಲ್ಲಿ ಉಪ್ಪುನೀರು ಕುಡಿದದ್ದು ಇರುತ್ತದೆ, 25 ಕೆಜಿ ಇಳಿದದ್ದು ಇರುವುದಿಲ್ಲ. ಆಮೇಲೆ ಪ್ರಯೋಗ ಮಾಡಿದರೆ ನಿಮಗೆ ಗೊತ್ತೂ ಆಗುವುದಿಲ್ಲ. ಸುಮ್ನೆ ಓದಲು ಬಿಟ್ಟರೂ ಕಷ್ಟ, ಭಾನುವಾರ ಆದದ್ದು ಇನ್ನೊಂದು ರೂಪದಲ್ಲಿ ಆಗಬಹುದು. ನಾನಾಗಿದ್ದರೆ ಜೊತೆಗೆ ಕೂತು ಓದುತ್ತಿದ್ದೆ. ಅವನು ಓದಿ ಹೇಳಲಿ, ನೀವು ಅಡುಗೆ ಮಾಡುತ್ತಾ ಕೇಳಿ. ಪ್ರತಿ ಪುಸ್ತಕಕ್ಕೂ ಎರಡೇ ಪ್ರಶ್ನೆ ಕೇಳಿ: ನೀರು ಎಲ್ಲಿಂದ ಬಂತು? ಮೊದಲ ಗಂಟೆಯಲ್ಲಿ ಏನು ಮಾಡಿದರು? ಬದುಕದೆ ಹೋದವರ ಪುಸ್ತಕವನ್ನೂ ಅವನ ಕೈಗೆ ಕೊಡಿ. 1820ರಲ್ಲಿ ತಿಮಿಂಗಿಲ ಗುದ್ದಿ ಮುಳುಗಿದ ಎಸೆಕ್ಸ್ ಹಡಗಿನ 20 ಜನ ಹತ್ತಿರದ ದ್ವೀಪಗಳಲ್ಲಿ ನರಭಕ್ಷಕರಿದ್ದಾರೆ ಎಂಬ ಗಾಳಿಮಾತಿಗೆ ಹೆದರಿ, ದೂರದ ದಕ್ಷಿಣ ಅಮೆರಿಕದ ಕಡೆ ದೋಣಿ ತಿರುಗಿಸಿದರು. ಕೊನೆಗೆ ಸತ್ತ ಜೊತೆಗಾರರನ್ನೇ ತಿನ್ನಬೇಕಾಯಿತು, ಉಳಿದದ್ದು ಎಂಟೇ ಜನ. ಓದಲು ಕಷ್ಟದ ಕಥೆ, ಆದರೆ 17 ವರ್ಷದವನು ಓದಬಹುದು. ನೀವು ಮೊದಲು ಓದಿ ನೋಡಿ.

ಮಾವನವರ ಮಾತಿಗೆ ನನ್ನ ಹತ್ತಿರ ಒಂದೇ ಉತ್ತರ ಇದೆ, ಗೌರವದಿಂದಲೇ ಹೇಳುತ್ತೇನೆ. ಐದು ಜನರ ಜೊತೆ 38 ದಿನ ತೇಲಿದ ರಾಬರ್ಟ್‌ಸನ್ ವಾಪಸ್ ಬಂದು ತನ್ನ ಕಥೆಯ ಜೊತೆ ಇನ್ನೊಂದು ಪುಸ್ತಕ ಬರೆದ. ರಾಫ್ಟ್‌ನಲ್ಲಿರುವವನು ಏನು ಮಾಡಬೇಕು, ಏನು ಮಾಡಬಾರದು ಎಂಬ ಕೈಪಿಡಿ. 1982ರಲ್ಲಿ ಮುಳುಗುತ್ತಿದ್ದ ದೋಣಿಯೊಳಗೆ ಮತ್ತೆ ಮತ್ತೆ ಮುಳುಗು ಹಾಕಿ ಕ್ಯಾಲಹನ್ ಹೊರಗೆ ತಂದ ಸಾಮಾನಿನಲ್ಲಿ ಆ ಕೈಪಿಡಿಯೂ ಇತ್ತು. 43ನೇ ದಿನ ಅವನ ರಾಫ್ಟ್ ಹರಿಯಿತು. ಹತ್ತು ದಿನ ಸೋರುವ ರಾಫ್ಟ್ ಜೊತೆ ಒದ್ದಾಡಿ ಕೊನೆಗೂ ತೇಪೆ ನಿಲ್ಲಿಸಿದ. ಬಿಸಿಲಿನಿಂದ ಸಮುದ್ರದ ನೀರನ್ನು ಆವಿ ಮಾಡಿ ಸಿಹಿನೀರು ಇಳಿಸುವ ಚೀಲಗಳು ಅವನ ಹತ್ತಿರ ಇದ್ದವು. ಅವುಗಳಿಂದ ದಿನಕ್ಕೆ ಅರ್ಧ ಲೀಟರಿನಷ್ಟು ನೀರು ಬರುತ್ತಿತ್ತು. ಸುತ್ತ ಅಷ್ಟು ಸಮುದ್ರ ಇದ್ದರೂ ಅವನು ಹನಿ ಹನಿಯಾಗಿ ಇಳಿಯುವ ಆ ನೀರಿಗೇ ಕಾದ. ಆ ಭಾಗವನ್ನು ಹುಡುಗನಿಂದ ಜೋರಾಗಿ ಓದಿಸಿ, ಮಾವನವರೂ ಕೇಳಲಿ.